ಹತ್ತಿ ಮಿಲ್ಲಿಗೂ ಗಂಜ್ ಅಂಗಡಿಗೂ ಒಂದೇ ನೆಟ್‌ವರ್ಕ್: ಹೊರಗಿನ ಲೈನ್‌ಗೆ ರೌಟರ್ ಜೋಡಿಸುವ ಬಗೆ

ರಾಯಚೂರಿನಲ್ಲಿ ಹತ್ತಿ ಸೀಸನ್ ಶುರುವಾದರೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಿಗೆ ಪುರುಸೊತ್ತು ಇರುವುದಿಲ್ಲ. ಬೇಲ್ ತುಂಬಿದ ಲಾರಿ ಗೇಟಿನಲ್ಲಿ ನಿಂತಿರುತ್ತದೆ. ತೆಲಂಗಾಣ, ಆಂಧ್ರದ ಗಡಿ ಹತ್ತಿರವೇ. ಆದರೆ 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕು ಗಡಿ ದಾಟಬೇಕಾದರೆ ಇ-ವೇ ಬಿಲ್ ಬೇಕು, ಬಿಲ್ ತೆಗೆಯಲು ನೆಟ್ ಬೇಕು. ನೆಟ್ ಆಗಲೇ ಹೋಗಿರುತ್ತದೆ. ಸಾಹುಕಾರ್ರು ಒಂದು ಕಡೆ, ಡ್ರೈವರ್ ಇನ್ನೊಂದು ಕಡೆ, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ತಲೆ ತಿನ್ನುತ್ತಾರೆ. ಅವನು ಲೈನ್‌ನವರಿಗೆ ಫೋನ್ ಹಚ್ಚಿದರೆ ‘ನಮ್ಮ ಕಡೆ ಎಲ್ಲಾ ಸರಿ ಇದೆ ನೋಡ್ರಿ’ ಅನ್ನುವ ಉತ್ತರ.

ಬಹಳ ಸಲ ಅವರು ಹೇಳುವುದು ಸುಳ್ಳಲ್ಲ. ಲೈನ್ ಸರಿ ಇರುತ್ತದೆ, ರೌಟರೂ ಸರಿ ಇರುತ್ತದೆ. ಎರಡೂ ಸೇರುವ ಜಾಗದಲ್ಲಿ ಏನೋ ಕೆಟ್ಟಿರುತ್ತದೆ, ಇಲ್ಲವೇ ಮೊದಲ ದಿನವೇ ತಪ್ಪಾಗಿ ಕೂತಿರುತ್ತದೆ. ಆ ಜಾಗವನ್ನು ಅಚ್ಚುಕಟ್ಟಾಗಿ ಕಟ್ಟುವುದು ಹೇಗೆ ಅನ್ನುವುದೇ ಈ ಲೇಖನ. ಉದಾಹರಣೆಗೆ ರಾಯಚೂರಿನ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ಒಂದು ಅಂಗಡಿ, ಊರ ಹೊರಗೆ ಒಂದು ಮಿಲ್ ಅಂತ ಇಟ್ಟುಕೊಳ್ಳೋಣ. ಗಂಗಾವತಿಯ ರೈಸ್ ಮಿಲ್ಲಿಗೂ ಬಳ್ಳಾರಿಯ ಜೀನ್ಸ್ ಯೂನಿಟ್ಟಿಗೂ ಲೆಕ್ಕ ಇದೇ.

ಯಾವ ಲೈನ್ ಬೇಕು

ಈಗ ಸಿಗುವುದು ಮುಖ್ಯವಾಗಿ ಮೂರು ಬಗೆ. ಮನೆಗೂ ಅಂಗಡಿಗೂ ಬರುವ ಫೈಬರ್ ಬ್ರಾಡ್‌ಬ್ಯಾಂಡ್, ಕಂಪನಿಗಳು ತೆಗೆದುಕೊಳ್ಳುವ ಲೀಸ್ಡ್ ಲೈನ್, ಮತ್ತೆ ಸಿಮ್ ಹಾಕುವ 4ಜಿ ಅಥವಾ 5ಜಿ. ತಾಮ್ರದ ತಂತಿಯ ಮೇಲೆ ಬರುತ್ತಿದ್ದ ಹಳೆ ಬ್ರಾಡ್‌ಬ್ಯಾಂಡ್‌ನ ಕಾಲ ಮುಗಿಯಿತು. 2.048 ಎಂಬಿಪಿಎಸ್‌ನ ಇ-1 ಲೈನ್, ಅದರ ದಪ್ಪ ವಿ.35 ಕೇಬಲ್ ಒಂದು ಕಾಲಕ್ಕೆ ಬ್ಯಾಂಕುಗಳಲ್ಲಿ ಇರುತ್ತಿದ್ದವು. ಹೊಸದಾಗಿ ಹಾಕಿಸುವವರು ಅದರ ಗೊಡವೆಗೆ ಹೋಗಬೇಕಿಲ್ಲ.

ಬ್ರಾಡ್‌ಬ್ಯಾಂಡ್ 100 ಎಂಬಿಪಿಎಸ್, ಲೀಸ್ಡ್ ಲೈನ್ 10 ಎಂಬಿಪಿಎಸ್, ಆದರೂ ಎರಡನೆಯದಕ್ಕೇ ಯಾಕೆ ಅಷ್ಟು ದುಡ್ಡು ಅಂತ ಸಾಹುಕಾರ್ರು ಕೇಳಿಯೇ ಕೇಳುತ್ತಾರೆ. ಕಾರಣ ಹೀಗಿದೆ. ಬ್ರಾಡ್‌ಬ್ಯಾಂಡ್ ಫೈಬರ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಜಿಪಾನ್ ಎಂಬ ವ್ಯವಸ್ಥೆ. ಒಂದೇ ಎಳೆಯಲ್ಲಿ ಕೆಳಮುಖವಾಗಿ 2.488 ಜಿಬಿಪಿಎಸ್, ಮೇಲ್ಮುಖವಾಗಿ 1.244 ಜಿಬಿಪಿಎಸ್ ಹರಿಯುತ್ತದೆ. ಅದನ್ನು ಸ್ಪ್ಲಿಟರ್ ಇಟ್ಟು 32 ಅಥವಾ 64 ಗಿರಾಕಿಗಳಿಗೆ ಹಂಚುತ್ತಾರೆ. ಸಂಜೆ ಎಲ್ಲರೂ ಕ್ರಿಕೆಟ್ ನೋಡುವಾಗ ನಿಮ್ಮ ಪಾಲು ಕಡಿಮೆಯಾಗಬಹುದು. ಲೀಸ್ಡ್ ಲೈನ್‌ನಲ್ಲಿ ಹೇಳಿದ ವೇಗ ನಿಮಗೊಬ್ಬರಿಗೇ, ಹೋಗುವುದಕ್ಕೂ ಬರುವುದಕ್ಕೂ ಸಮ. ಕೆಟ್ಟರೆ ಇಷ್ಟು ಗಂಟೆಯೊಳಗೆ ಸರಿ ಮಾಡುತ್ತೇವೆ ಅಂತ ಒಪ್ಪಂದದಲ್ಲಿ ಬರೆದುಕೊಡುತ್ತಾರೆ.

ನನ್ನ ಕೇಳಿದರೆ ಗಂಜ್ ಅಂಗಡಿಗೆ ಲೀಸ್ಡ್ ಲೈನ್ ಬೇಕಿಲ್ಲ. ಸುಮ್ನೆ ದುಡ್ಡು ದಂಡ. ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಅಗ್ಗದ ಲೈನ್, ಒಂದು ದುಬಾರಿ ಲೈನ್‌ಗಿಂತ ಮೇಲು.

ಸಹಿ ಹಾಕುವ ಮುಂಚೆ ಚೀಟಿಯಲ್ಲಿ ಬರೆಸಿಕೊಳ್ಳಿ

ಲೈನ್ ಹಾಕುವ ಹುಡುಗರು ಬರುತ್ತಾರೆ, ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ತೋರಿಸುತ್ತಾರೆ, ಹೋಗುತ್ತಾರೆ. ಆಮೇಲೆ ಯೂಸರ್‌ನೇಮ್ ಯಾರ ಬಳಿಯೂ ಇರುವುದಿಲ್ಲ. ಅದಕ್ಕೇ ಅವರು ಇನ್ನೂ ಏಣಿ ಮೇಲೆ ಇರುವಾಗಲೇ ಕೇಳಬೇಕು.

ಲೈನ್ ನಮ್ಮ ಕೈಗೆ ಯಾವ ರೂಪದಲ್ಲಿ ಬರುತ್ತದೆ? ಫೈಬರ್ ತುದಿಯೇ, ಸಾಮಾನ್ಯ ನೆಟ್‌ವರ್ಕ್ ಕೇಬಲ್ಲೇ? ಐಪಿ, ಅಂದರೆ ನೆಟ್‌ನಲ್ಲಿ ನಮ್ಮ ಲೈನ್‌ನ ವಿಳಾಸ, ಹೇಗೆ ಸಿಗುತ್ತದೆ? ತಾನೇ ಸಿಗುತ್ತದೋ, ಪಿಪಿಪಿಒಇ (ಲೈನ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್ ಪಾಸ್‌ವರ್ಡ್ ಹಾಕಬೇಕೋ, ಸ್ಟ್ಯಾಟಿಕ್, ಅಂದರೆ ಬದಲಾಗದ ಐಪಿಯೋ? ವಿ-ಲ್ಯಾನ್ ನಂಬರ್ (ಒಂದೇ ತಂತಿಯಲ್ಲಿ ಬರುವ ಜಾಲಗಳನ್ನು ಬೇರೆ ಮಾಡುವ ಗುರುತು) ಇದೆಯಾ? ಸಿಗುವ ಐಪಿ ಪಬ್ಲಿಕ್ಕೋ (ಹೊರಗಿನಿಂದ ನೇರವಾಗಿ ತಲುಪಬಹುದಾದದ್ದೋ) ಅಲ್ಲವೋ? ಸ್ಟ್ಯಾಟಿಕ್ ಆದರೆ ಐಪಿ, ಮಾಸ್ಕ್ (ವಿಳಾಸದ ಸಾಲು ಎಷ್ಟು ದೊಡ್ಡದು ಎನ್ನುವ ಸಂಖ್ಯೆ), ಗೇಟ್‌ವೇ (ನೆಟ್‌ಗೆ ಬಾಗಿಲಾದ ಲೈನ್‌ನವರ ಕಡೆಯ ವಿಳಾಸ), ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ನಾಲ್ಕೂ ಬೇಕು. ಕನೆಕ್ಷನ್‌ನ ಸರ್ಕ್ಯೂಟ್ ಐಡಿಯೂ ಬೇಕು, ದೂರು ಕೊಡುವಾಗ ಮೊದಲು ಕೇಳುವುದೇ ಅದನ್ನು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ: ಫೈಬರ್ ಯಾವ ದಾರಿಯಲ್ಲಿ ಬರುತ್ತದೆ? ನೆಲದಡಿಯೋ, ಕರೆಂಟ್ ಕಂಬದ ಮೇಲೋ? ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರೆ ನೆಲದಡಿಯ ಫೈಬರ್‌ಗೆ ಜೆಸಿಬಿ ಕಾದಿರುತ್ತದೆ. ಕಂಬದ ಮೇಲಿದ್ದರೆ ಎತ್ತರಕ್ಕೆ ಹತ್ತಿ ತುಂಬಿದ ಲಾರಿ ಎಳೆದುಕೊಂಡು ಹೋಗುತ್ತದೆ. ಮಿಲ್ ಗೇಟಿನ ಮುಂದೆ ಕೇಬಲ್ ಜೋತು ಬಿದ್ದಿದ್ದರೆ ಅವತ್ತೇ ಎತ್ತಿಸಿ ಕಟ್ಟಿಸಿ.

ಫೈಬರ್ ತುದಿ

ಬ್ರಾಡ್‌ಬ್ಯಾಂಡ್ ಆದರೆ ಫೈಬರ್ ಬಂದು ಒಎನ್‌ಟಿ ಎಂಬ ಸಣ್ಣ ಡಬ್ಬಿಗೆ ಸೇರುತ್ತದೆ. ಜನ ಇದನ್ನೇ ಮೋಡೆಮ್ ಅನ್ನುತ್ತಾರೆ. ಇದರ ದೀಪಗಳನ್ನು ಓದಲು ಕಲಿತರೆ ಅರ್ಧ ತಲೆನೋವು ಹೋಯಿತು. ಪಾನ್ ದೀಪ ಹಸಿರಾಗಿ ನಿಂತಿದ್ದರೆ ಆಚೆ ತುದಿಯ ಜೊತೆ ಮಾತು ನಡೆದಿದೆ ಎಂದರ್ಥ. ಎಲ್‌ಒಎಸ್ ದೀಪ ಕೆಂಪಾಗಿ ಮಿಣುಕಿದರೆ ಬೆಳಕೇ ಬರುತ್ತಿಲ್ಲ. ಆಗ ರೌಟರ್‌ನಲ್ಲಿ ಏನೇ ತಿರುವಿದರೂ ಉಪಯೋಗವಿಲ್ಲ. ಸುಮ್ಮನೆ ದೂರು ಕೊಡಿ.

ಎರಡರ ನಡುವಿನ ಸ್ಥಿತಿಯೇ ಗೋಳು. ಪಾನ್ ದೀಪ ಹಸಿರೇ ಇರುತ್ತದೆ, ಆದರೆ ನೆಟ್ ಬಂದು ಹೋಗಿ ಮಾಡುತ್ತದೆ. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 24ರೊಳಗೆ ಇದ್ದರೆ ಚಿಂತೆಯಿಲ್ಲ. ಮೈನಸ್ 27 ದಾಟಿದರೆ ಅಂಚಿಗೆ ಬಂದಂತೆ. ಲೈನ್ ಹಾಕಿದ ದಿನವೇ ಆ ಸಂಖ್ಯೆಯನ್ನು ಬರೆದಿಡಿ. ಮೊದಲು ಮೈನಸ್ 19 ಇದ್ದದ್ದು ಈಗ ಮೈನಸ್ 26 ಆಗಿದ್ದರೆ ಎಲ್ಲೋ ಫೈಬರ್ ಮಡಿಚಿದೆ, ಇಲ್ಲವೇ ಜೋಡಣೆ ಕೆಟ್ಟಿದೆ. ಇದು ವಾದಕ್ಕೆ ಜಾಗವಿಲ್ಲದ ಸಾಕ್ಷಿ.

ಹತ್ತಿ ಮಿಲ್ಲಿನಲ್ಲಿ ಇನ್ನೊಂದು ಶತ್ರು ಇದೆ: ನಾರಿನ ಧೂಳು. ಜಿನ್ ಓಡುವಾಗ ಗಾಳಿಯಲ್ಲಿ ಬಿಳಿ ಎಳೆ ತೇಲುತ್ತಲೇ ಇರುತ್ತದೆ. ಕನೆಕ್ಟರ್ ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಅದರ ಮೂತಿಗೆ ಎಳೆ ಅಂಟುತ್ತದೆ. ಬೆಳಕು ಹಾಯುವ ದಾರಿ ಮಿಲಿಮೀಟರ್‌ನ ನೂರನೆಯ ಒಂದು ಭಾಗದಷ್ಟೇ ಅಗಲ. ಕಣ್ಣಿಗೆ ಕಾಣದ ಕಸವೂ ಅದನ್ನು ಮುಚ್ಚುತ್ತದೆ. ಬಿಚ್ಚಿದ ತಕ್ಷಣ ಟೋಪಿ ಹಾಕಿ. ಒರೆಸಬೇಕಾದರೆ ಕನೆಕ್ಟರ್ ಒರೆಸಲೆಂದೇ ಸಿಗುವ ಕ್ಲೀನರ್ ಬಳಸಿ. ಅಂಗಿಯ ತುದಿ, ಬಾಯಿಂದ ಊದುವುದು ಎರಡೂ ಬೇಡ. ಬೆಳಕು ಬರುತ್ತಿದೆಯಾ ಅಂತ ತುದಿಗೆ ಕಣ್ಣಿಟ್ಟು ನೋಡಲೇಬೇಡಿ. ಅದು ಕಾಣುವ ಬೆಳಕಲ್ಲ, ಆದರೆ ಕಣ್ಣಿಗೆ ಅಪಾಯ.

ಕನೆಕ್ಟರ್ ಬಣ್ಣವನ್ನೂ ನೋಡಿ. ಹಸಿರು ಬೇರೆ, ನೀಲಿ ಬೇರೆ. ಹಸಿರಿನ ಮೂತಿ ಓರೆಯಾಗಿ ಕತ್ತರಿಸಿರುತ್ತದೆ, ನೀಲಿಯದು ನೇರ. ಒಂದಕ್ಕೊಂದು ಒತ್ತಿದರೆ ಕೂರುತ್ತವೆ, ಆದರೆ ಸಿಗ್ನಲ್ ಸೋರುತ್ತದೆ, ಮೂತಿಗೂ ಪೆಟ್ಟು ಬೀಳುತ್ತದೆ. ಉಳಿದ ಫೈಬರ್ ಸುತ್ತಿಡುವಾಗ ಸುತ್ತು ಬಳೆಗಿಂತ ಚಿಕ್ಕದಾಗಬಾರದು. ಲೀಸ್ಡ್ ಲೈನ್‌ಗೆ ಒಂದೇ ಎಳೆಯ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ನೆಟ್‌ವರ್ಕ್ ಕೇಬಲ್‌ಗೆ ಬದಲಿಸುವ ಡಬ್ಬಿ) ಕೊಟ್ಟಿದ್ದರೆ ಎರಡು ತುದಿಯವು ಜೋಡಿಯಾಗಿರಬೇಕು. ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆದರೆ, ಇನ್ನೊಂದು ತಿರುಗಾಮುರುಗಾ. ರಿಪೇರಿಗೆ ಬಂದವರು ಎರಡೂ ಕಡೆ ಒಂದೇ ಥರದ್ದು ಹಾಕಿ ಹೋದರೆ ದೀಪ ಹತ್ತುವುದೇ ಇಲ್ಲ.

ಮೊದಲು ಲ್ಯಾಪ್‌ಟಾಪ್, ಆಮೇಲೆ ರೌಟರ್

ಹೊಸ ಲೈನ್ ಬಂದ ಕೂಡಲೇ ರೌಟರ್‌ಗೆ ಚುಚ್ಚಬೇಡಿ. ಒಂದು ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ನೇರವಾಗಿ ಜೋಡಿಸಿ, ವೈಫೈ ಆರಿಸಿ, ಚೀಟಿಯಲ್ಲಿರುವ ವಿವರ ಹಾಕಿ ನೋಡಿ. ಅಲ್ಲಿ ನೆಟ್ ಬಂತೆಂದರೆ ಲೈನ್‌ನವರ ಕೆಲಸ ಮುಗಿಯಿತು, ಇನ್ನು ನಿಮ್ಮದು. ಬರಲಿಲ್ಲವೆಂದರೆ ಅವರನ್ನು ಬಿಡಬೇಡಿ. ವಿ-ಲ್ಯಾನ್ ನಂಬರ್ ಇರುವ ಲೈನ್ ಆದರೆ ಎಲ್ಲ ಲ್ಯಾಪ್‌ಟಾಪ್‌ಗೂ ಅದನ್ನು ಹಾಕಲು ಬರುವುದಿಲ್ಲ, ಅಲ್ಲಿ ಮಾತ್ರ ರೌಟರ್‌ನಲ್ಲೇ ನೋಡಬೇಕು.

ಲ್ಯಾಪ್‌ಟಾಪ್‌ನಲ್ಲಿ ನೆಟ್ ಬಂದು ರೌಟರ್‌ಗೆ ಹಾಕಿದರೆ ಬರದಿದ್ದರೆ ಗಾಬರಿ ಬೇಡ. ಕೆಲವು ಲೈನ್‌ಗಳು ಮೊದಲು ಕಂಡ ಸಾಧನದ ಮ್ಯಾಕ್ ವಿಳಾಸವನ್ನು (ಆ ಸಾಧನದ ಗುರುತಿನ ನಂಬರ್) ಹಿಡಿದುಕೊಳ್ಳುತ್ತವೆ. ಒಎನ್‌ಟಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ. ಆಗಲೂ ಬರದಿದ್ದರೆ ‘ಹಳೆ ಮ್ಯಾಕ್ ತೆಗೀರಿ’ ಅಂತ ಫೋನ್‌ನಲ್ಲಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಈಗ ಮುಖ್ಯ ಮಾತು. ಒಎನ್‌ಟಿ ತಾನೇ ಒಂದು ರೌಟರ್. ಅದರ ಹಿಂದೆ ನಿಮ್ಮ ರೌಟರ್ ಇಟ್ಟರೆ ಎರಡು ರೌಟರ್ ಒಂದರ ಬೆನ್ನಿಗೊಂದು ಕೂತಂತಾಯಿತು. ಬ್ರೌಸಿಂಗ್ ನಡೆಯುತ್ತದೆ, ಆದರೆ ವಿಪಿಎನ್ (ಎರಡು ಜಾಗವನ್ನು ಇಂಟರ್ನೆಟ್ ಮೇಲೆಯೇ ಜೋಡಿಸುವ ಖಾಸಗಿ ದಾರಿ), ಹೊರಗಿನಿಂದ ಕ್ಯಾಮೆರಾ ನೋಡುವುದು ಎಡವುತ್ತವೆ. ಒಎನ್‌ಟಿಯನ್ನು ರೌಟರ್ ಕೆಲಸ ಬಿಟ್ಟು ಬರೀ ಲೈನ್ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಪಿಪಿಪಿಒಇ ಯೂಸರ್‌ನೇಮ್ ಪಾಸ್‌ವರ್ಡ್ ನಿಮ್ಮ ರೌಟರ್‌ನಲ್ಲಿ ಹಾಕಿ. ಬ್ರಿಡ್ಜ್ ಕೊಡಲ್ಲ ಅಂದರೆ ಒಎನ್‌ಟಿಯ ಡಿಎಂಝಡ್‌ನಲ್ಲಿ (ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ನಿಮ್ಮ ರೌಟರ್‌ನ ವಿಳಾಸ ಕೊಡಿ. ಅರೆಬರೆ ಪರಿಹಾರ, ಆದರೂ ನಡೆಯುತ್ತದೆ.

ಒಳಗಿನ ವಿಳಾಸವನ್ನು ಹುಷಾರಾಗಿ ಆರಿಸಿ. ಬಹಳ ರೌಟರ್‌ಗಳು ಅಂಗಡಿಯಿಂದ ಬರುವಾಗಲೇ 192.168.1.1 ಅಂತ ಇರುತ್ತವೆ. ಒಎನ್‌ಟಿಯೂ ಅದೇ, ರೌಟರೂ ಅದೇ ಆದರೆ ಒಂದಕ್ಕೊಂದು ಕಾಣುವುದಿಲ್ಲ. ಗಂಜ್ ಅಂಗಡಿಗೆ 192.168.10, ಮಿಲ್ಲಿಗೆ 192.168.20 ಅಂತ ಶುರುವಾಗುವ ಬೇರೆ ಬೇರೆ ಸಾಲು ಕೊಡಿ. ಎರಡನ್ನೂ ಜೋಡಿಸುವ ದಿನ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಲೀಸ್ಡ್ ಲೈನ್‌ನ ಸ್ಟ್ಯಾಟಿಕ್ ಐಪಿಯಲ್ಲಿ ಸಾಮಾನ್ಯವಾಗಿ 255.255.255.252 ಮಾಸ್ಕ್ ಇರುತ್ತದೆ. ಇದರಲ್ಲಿ ಬಳಸಲು ಬರುವುದು ಎರಡೇ ವಿಳಾಸ, ಒಂದು ಅವರಿಗೆ, ಒಂದು ನಿಮಗೆ. ಉದಾಹರಣೆಗೆಂದೇ ಮೀಸಲಿಟ್ಟ ನಂಬರ್ ತೆಗೆದುಕೊಂಡರೆ, ಗೇಟ್‌ವೇ 203.0.113.1, ನಿಮ್ಮ ರೌಟರ್ 203.0.113.2. ಮಾಸ್ಕ್‌ನಲ್ಲಿ ಕೊನೆಗೆ 252ರ ಬದಲು 255 ಬರೆದು ಅರ್ಧ ದಿನ ಒದ್ದಾಡಿದವರು ಇದ್ದಾರೆ. ರೌಟರ್‌ನಿಂದ ಮೊದಲು ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡಿ. ಆಮೇಲೆ ಗೂಗಲ್‌ನ ಡಿಎನ್‌ಎಸ್ ಆದ 8.8.8.8ಕ್ಕೆ. ಆಮೇಲೆ ಯಾವುದಾದರೂ ಸೈಟ್ ಹೆಸರಿಗೆ. ಮೊದಲನೆಯದು ಬರದಿದ್ದರೆ ಕೇಬಲ್, ಮಾಸ್ಕ್, ವಿ-ಲ್ಯಾನ್ ನೋಡಿ. ಎರಡನೆಯದು ಬರದಿದ್ದರೆ ಗೇಟ್‌ವೇ ದಾಖಲೆ ಸರಿ ಇದೆಯಾ ನೋಡಿ, ಇದ್ದರೆ ಅವರ ಕಡೆಯ ಸಮಸ್ಯೆ. ಮೂರನೆಯದು ಮಾತ್ರ ಬರದಿದ್ದರೆ ಡಿಎನ್‌ಎಸ್.

ಗೂಗಲ್ ತೆರೆಯುತ್ತದೆ, ಬ್ಯಾಂಕ್ ತೆರೆಯಲ್ಲ

ಇದು ವಿಚಿತ್ರವಾಗಿ ಕಾಣುತ್ತದೆ, ಕಾರಣ ಸರಳ. ಸಾಮಾನ್ಯ ಪ್ಯಾಕೆಟ್‌ನ ಅಳತೆ 1500 ಬೈಟ್. ಪಿಪಿಪಿಒಇ ತನ್ನ ಹಣೆಪಟ್ಟಿಗೆ 8 ಬೈಟ್ ತಿನ್ನುತ್ತದೆ. ಉಳಿಯುವುದು 1492. ರೌಟರ್ 1500 ಅಂತಲೇ ಕೂತಿದ್ದರೆ ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಬೀಳುತ್ತದೆ. ‘ಇದು ದೊಡ್ಡದಾಯ್ತು’ ಎಂದು ತಿಳಿಸುವ ಸಂದೇಶವನ್ನು ಎಷ್ಟೋ ಫೈರ್‌ವಾಲ್‌ಗಳು ತಡೆದುಬಿಡುತ್ತವೆ. ಹಾಗಾಗಿ ಕೆಲವು ಸೈಟ್ ಸಲೀಸಾಗಿ ಬರುತ್ತವೆ, ಕೆಲವು ಬಿಳಿ ಪುಟ ತೋರಿಸಿ ತಿರುಗುತ್ತಲೇ ಇರುತ್ತವೆ. ರೌಟರ್‌ನ ವ್ಯಾನ್ (ಹೊರಗಿನ ಲೈನ್) ಸೆಟ್ಟಿಂಗ್‌ನಲ್ಲಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ) 1492 ಮಾಡಿ, ಎಂಎಸ್‌ಎಸ್ ಕ್ಲ್ಯಾಂಪ್ (ಹಣೆಪಟ್ಟಿ ಬಿಟ್ಟು ಒಳಗಿನ ಡೇಟಾದ ಮಿತಿ) 1452 ಇಡಿ. ಪರೀಕ್ಷೆಗೆ, ತುಂಡು ಮಾಡಬೇಡ ಎನ್ನುವ ಆಯ್ಕೆ ಹಾಕಿ, ತನ್ನ ಹಣೆಪಟ್ಟಿ ಸೇರಿದರೆ 1492 ಆಗುವ 1464 ಬೈಟ್‌ನ ಪಿಂಗ್ ಕಳಿಸಿ. ಅದು ಹೋಗಿ 1465 ಹೋಗದಿದ್ದರೆ ಅಳತೆ ಸರಿಯಾಗಿದೆ.

ಎರಡನೇ ಲೈನ್

ಎರಡನೇ ಲೈನ್ ಅಂದರೆ ಎರಡನೇ ಕಂಪನಿ ಅಷ್ಟೇ ಅಲ್ಲ, ಎರಡನೇ ದಾರಿ. ಇಬ್ಬರ ಫೈಬರೂ ಅದೇ ಕಂಬದ ಮೇಲೆ ಬಂದರೆ ಒಂದೇ ಲಾರಿ ಎರಡನ್ನೂ ಕೀಳುತ್ತದೆ. ಅದಕ್ಕೇ ಮಿಲ್ಲಿಗೆ ಫೈಬರ್ ಜೊತೆ ಸಿಮ್ ರೌಟರ್ ಒಳ್ಳೆ ಜೋಡಿ.

ಸಿಮ್ ತಗೊಳ್ಳುವ ಮುಂಚೆ ರೌಟರ್ ಇಡುವ ಜಾಗದಲ್ಲೇ ನಿಂತು ಸಿಗ್ನಲ್ ಅಳೆಯಿರಿ. ಮೊಬೈಲ್‌ನ ಕಡ್ಡಿ ನಂಬಬೇಡಿ, ಸಿಗ್ನಲ್‌ನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬ ಸಂಖ್ಯೆ ನೋಡಿ. ಮೈನಸ್ 85ರ ಆಸುಪಾಸು ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ತಗಡಿನ ಶೆಡ್ ಒಳಗೆ ಸಿಗ್ನಲ್ ಸಾಯುತ್ತದೆ. ಆಂಟೆನಾ ಹೊರಗೆ ಇಡಬೇಕು. ಎಪಿಎನ್ (ಸಿಮ್ ಕಂಪನಿಯ ಡೇಟಾ ಜಾಲದ ಹೆಸರು) ತಾನೇ ಬರದಿದ್ದರೆ ಕೈಯಿಂದ ಹಾಕಿ: ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಎರಡೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ.

ರೌಟರ್‌ನಲ್ಲಿ ಎರಡು ಲೈನ್ ಬಳಸಲು ಎರಡು ವಿಧಾನ. ಎರಡನ್ನೂ ಒಟ್ಟಿಗೆ ಓಡಿಸುವುದು ಒಂದು, ಒಂದು ಹೋದಾಗ ಇನ್ನೊಂದಕ್ಕೆ ಹಾರುವುದು ಇನ್ನೊಂದು. ನಾನು ಎರಡನೆಯದರ ಪರ. ಒಟ್ಟಿಗೆ ಓಡಿಸಿದರೆ ಲಾಗಿನ್ ಒಂದು ಐಪಿಯಿಂದ, ಮುಂದಿನ ಪುಟ ಇನ್ನೊಂದು ಐಪಿಯಿಂದ ಹೋಗಬಹುದು. ಬ್ಯಾಂಕ್ ಸೈಟ್‌ಗಳು ಇದನ್ನು ಕಂಡರೆ ಹೊರಗೆ ಹಾಕುತ್ತವೆ.

ಹಾರುವ ವ್ಯವಸ್ಥೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರೌಟರ್ ಬರೀ ಕೇಬಲ್ ಜೀವಂತ ಇದೆಯಾ ಅಂತ ನೋಡಿದರೆ ಸಾಲದು. ಹೊರಗೆ ಫೈಬರ್ ಕಡಿದರೂ ಒಎನ್‌ಟಿಗೂ ರೌಟರ್‌ಗೂ ನಡುವಿನ ಕೇಬಲ್‌ನ ದೀಪ ಹತ್ತಿಕೊಂಡೇ ಇರುತ್ತದೆ. ಸ್ಟ್ಯಾಟಿಕ್ ಐಪಿ ಲೈನ್ ಆದರೆ ರೌಟರ್‌ಗೆ ಲೈನ್ ಸತ್ತದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ದೂರದ ವಿಳಾಸಕ್ಕೆ ಪಿಂಗ್ ಮಾಡಿ ನೋಡುವಂತೆ ಹೇಳಿ. 8.8.8.8 ಮತ್ತು 1.1.1.1 ಎರಡನ್ನೂ ಕೊಡಿ, ಎರಡೂ ಬರದಿದ್ದರೆ ಮಾತ್ರ ಹಾರಲಿ. ಪರೀಕ್ಷೆ ಮಾಡುವಾಗ ಒಎನ್‌ಟಿಯ ಕರೆಂಟ್ ಆರಿಸಬೇಡಿ, ಫೈಬರ್ ತುದಿ ಬಿಚ್ಚಿ. ನಿಜವಾಗಿ ಕಡಿದಾಗ ಆಗುವುದು ಅದೇ ಅಲ್ವಾ. ಟೋಪಿ ಹಾಕುವುದು ಮರೆಯಬೇಡಿ.

ಸಿಮ್ ಲೈನ್‌ನಲ್ಲಿರುವಾಗ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ, ಅಂದರೆ ಡಿವಿಆರ್, ಡೇಟಾ ನುಂಗದಂತೆ ತಡೆಯಿರಿ. ಆಗ ಬೇಕಾದ್ದು ಬಿಲ್, ಟ್ಯಾಲಿ, ವಾಟ್ಸ್ಆ್ಯಪ್ ಅಷ್ಟೇ.

ಅಂಗಡಿ ಮತ್ತು ಮಿಲ್ ಜೋಡಿಸುವುದು

ರೌಟರ್‌ನ ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ನಿಮ್ಮ ಹೆಸರಿನ ಪಬ್ಲಿಕ್ ಐಪಿ ನಿಮಗೆ ಸಿಕ್ಕಿಲ್ಲ. ಒಂದೇ ಐಪಿಯನ್ನು ಕಂಪನಿ ಬಹಳ ಜನರಿಗೆ ಹಂಚಿದೆ. ಹೊರಗಿನಿಂದ ಒಳಗೆ ಬರಲು ಬಾಗಿಲಿಲ್ಲ. ಆದರೆ ವಿಪಿಎನ್‌ಗೆ ಎರಡೂ ಕಡೆ ಪಬ್ಲಿಕ್ ಐಪಿ ಬೇಕಿಲ್ಲ, ಒಂದು ಕಡೆ ಸಾಕು. ಗಂಜ್ ಅಂಗಡಿಯ ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ ಐಪಿ ತಗೊಳ್ಳಿ. ಮಿಲ್ಲಿನ ರೌಟರ್ ಅಲ್ಲಿಗೆ ಕರೆ ಮಾಡುವಂತೆ ಇಡಿ. ವೈರ್‌ಗಾರ್ಡ್ ಎಂಬ ವಿಪಿಎನ್ ಇರುವ ರೌಟರ್ ಆದರೆ ಕೆಲಸ ಸುಲಭ: ಎರಡೂ ಕಡೆಯ ಕೀ ಅದಲುಬದಲು ಮಾಡಿ, ಅಂಗಡಿಯ ಕಡೆ ಯುಡಿಪಿ 51820 ಪೋರ್ಟ್ ತೆರೆದು, ಮಿಲ್ಲಿನ ಕಡೆ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಣ್ಣ ಸಂದೇಶ) 25 ಸೆಕೆಂಡ್ ಇಡಿ. ಆ 25 ಇಡದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಅಂಗಡಿಯಿಂದ ಮಿಲ್ ಕಾಣುವುದಿಲ್ಲ. ಮಿಲ್ ಸಿಮ್‌ಗೆ ಹಾರಿದಾಗಲೂ ವಿಪಿಎನ್ ತಾನೇ ಎದ್ದು ಕೂರುತ್ತದೆ, ಇದೇ ಇದರ ಚೆಂದ.

ಡಿವಿಆರ್‌ಗೆ ಪೋರ್ಟ್ ತೆರೆದು ನೇರವಾಗಿ ಇಂಟರ್ನೆಟ್‌ಗೆ ಬಿಡುವ ಹಳೆ ಚಾಳಿ ಬಿಡಿ. ವಿಪಿಎನ್ ಒಳಗಿನಿಂದಲೇ ನೋಡಿ. ರೌಟರ್‌ನ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಸೆಟ್ಟಿಂಗ್ ಪುಟ ತೆರೆಯುವುದನ್ನು ಬಂದ್ ಮಾಡಿ.

ಮಿಲ್ ಹತ್ತಿರವಿದ್ದರೆ ಅಂಗಡಿಯ ಮಹಡಿಯಿಂದ ಮಿಲ್ಲಿನ ಮಹಡಿಗೆ ರೇಡಿಯೋ ಲಿಂಕ್ ಕೂಡ ಆಗುತ್ತದೆ. 5 ಗಿಗಾಹರ್ಟ್ಸ್‌ನ ಹಲವು ಪಟ್ಟಿಗಳನ್ನು ಸರ್ಕಾರ 2018ರಲ್ಲಿ ಲೈಸೆನ್ಸ್‌ನಿಂದ ಮುಕ್ತ ಮಾಡಿದೆ. ಆದರೆ ಎರಡು ಆಂಟೆನಾ ಒಂದಕ್ಕೊಂದು ಕಂಡರೆ ಸಾಲದು, ನಡುವೆ ಜಾಗವೂ ಬೇಕು. 5 ಕಿಲೋಮೀಟರ್ ದೂರಕ್ಕೆ ನಟ್ಟನಡುವೆ ಆ ನೋಟದ ಗೆರೆಯ ಸುತ್ತ ಸುಮಾರು 8 ಮೀಟರ್‌ವರೆಗೆ ಅಲೆ ಹರಡುತ್ತದೆ. ಅದರಲ್ಲಿ 5 ಮೀಟರ್ ಆದರೂ ಖಾಲಿ ಇರಲಿ. ನಮ್ಮ ಕಡೆ ಬಂಡೆಗುಡ್ಡ ಅಡ್ಡ ಬರುವುದು ಜಾಸ್ತಿ, ಬೇವಿನ ಮರವೂ ಬೆಳೆಯುತ್ತಿರುತ್ತದೆ. ಮಾನ್ವಿ, ದೇವದುರ್ಗದಷ್ಟು ದೂರ ಆದರೆ ಇದರ ಮಾತೇ ಬೇಡ.

ಕರೆಂಟ್, ಬಿಸಿಲು, ಸಿಡಿಲು

ಸಾಮಾನ್ಯ ರೌಟರ್‌ಗಳಿಗೆ ಕಂಪನಿ ಹೇಳುವ ಮಿತಿ 40 ಡಿಗ್ರಿ. ರಾಯಚೂರಿನ ಮೇ ತಿಂಗಳು ಅದನ್ನು ಹೊರಗೇ ದಾಟುತ್ತದೆ. ತಗಡಿನ ಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟರೆ ಮಧ್ಯಾಹ್ನ ತಾನೇ ಆರಿ ಹತ್ತುತ್ತದೆ. ಗೋಡೆಯ ಕೆಳಭಾಗದಲ್ಲಿ, ಧೂಳು ಬಾರದ ಆದರೆ ಗಾಳಿಯಾಡುವ ಕಡೆ ಇಡಿ. ಗಾಳಿ ಕಿಂಡಿಯಲ್ಲಿ ಹತ್ತಿ ಎಳೆ ಚಾಪೆ ಹಾಸಿದ್ದರೆ ಬ್ರಷ್‌ನಿಂದ ತೆಗೆಯಿರಿ.

ದೊಡ್ಡ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿದು ರೌಟರ್ ರೀಸ್ಟಾರ್ಟ್ ಆಗುತ್ತದೆ. ಒಎನ್‌ಟಿ, ರೌಟರ್, ಸ್ವಿಚ್ ಮೂರೂ ಯುಪಿಎಸ್ ಮೇಲೆ ಇರಲಿ. ರೌಟರ್‌ಗೆ ಮಾತ್ರ ಬ್ಯಾಕಪ್ ಕೊಟ್ಟು ಒಎನ್‌ಟಿ ಬಿಟ್ಟರೆ ಏನು ಬಂತು?

ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕಂಬದಿಂದ ಬರುವ ಕೇಬಲ್ ಜೊತೆ ಎಳೆದು ಕಟ್ಟಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯಲ್ಲೇ ಕೊಕ್ಕೆಗೆ ಕಟ್ಟಿ ಕತ್ತರಿಸಿ, ಒಳಗೆ ತರಬೇಡಿ. ತೂಕದ ಕಾಟಾದ ಕ್ಯಾಬಿನ್‌ಗೂ ಆಫೀಸಿಗೂ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವುದೂ ಬೇಡ. ಅದರ ಮಿತಿ 100 ಮೀಟರ್ ಅನ್ನುವುದಕ್ಕಿಂತ ಸಿಡಿಲಿಗೆ ಅದು ದಾರಿ ಅನ್ನುವುದು ದೊಡ್ಡ ಕಾರಣ. ಎರಡು ಕಟ್ಟಡದ ನಡುವೆ ಫೈಬರ್ರೇ ಸರಿ.

ಫೋನ್ ಮಾಡುವಾಗ

‘ನೆಟ್ ಬರ್ತಿಲ್ಲ’ ಅಂದರೆ ‘ರೀಸ್ಟಾರ್ಟ್ ಮಾಡ್ರಿ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಹೇಳಿ ನೋಡಿ: ‘ಅಣ್ಣಾ, ಸರ್ಕ್ಯೂಟ್ ಐಡಿ ಇದು. ಬೆಳಿಗ್ಗೆ 10.20ರಿಂದ ಪಾನ್ ಹಸಿರೇ ಐತಿ, ಆದ್ರ ಬೆಳಕು ಮೈನಸ್ 19 ಇದ್ದದ್ದು 27 ಆಗೇತಿ. ಲ್ಯಾಪ್‌ಟಾಪ್ ನೇರ ಹಾಕಿ ನೋಡೀನಿ, ಗೇಟ್‌ವೇನ ಪಿಂಗ್ ಆಗವಲ್ದು.’ ಇಷ್ಟು ಕೇಳಿದ ಮೇಲೆ ಅವರು ಫೈಬರ್ ಕೆಲಸದವರನ್ನೇ ಕಳಿಸಬೇಕಾಗುತ್ತದೆ. ದೂರಿನ ಡಾಕೆಟ್ ನಂಬರ್ ಇಸಿದುಕೊಳ್ಳದೆ ಫೋನ್ ಇಡಬೇಡಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ನಂಬರ್ ಬೇಕು. ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ಬಗೆಹರಿಸುವುದಿಲ್ಲ.